ನಿಜ ಹೇಳಲು ಒಂದು ವೇಷ

ನ್ಯಾಶ್‌ವಿಲ್ ನಗರದ ರೈಮನ್ ಸಭಾಂಗಣದಲ್ಲಿ ಶನಿವಾರ ರಾತ್ರಿ. ಪಿಟೀಲು, ಬ್ಯಾಂಜೊಗಳ ಗದ್ದಲ ತುಸು ಇಳಿಯುತ್ತಲೇ ಹೆಂಗಸೊಬ್ಬಳು ರಂಗಕ್ಕೆ ನುಗ್ಗುತ್ತಾಳೆ. ಹಳ್ಳಿಯ ಅಂಗಡಿಯ ಅಗ್ಗದ ಫ್ರಾಕು, ತಲೆಯ ಮೇಲೆ ಹೂ ಸಿಕ್ಕಿಸಿದ ಹುಲ್ಲಿನ ಟೋಪಿ. ಟೋಪಿಯಿಂದ ಬೆಲೆಚೀಟಿ ನೇತಾಡುತ್ತಿದೆ: 1 ಡಾಲರ್ 98 ಸೆಂಟ್. ಹೊಸ ಟೋಪಿ ಕೊಂಡ ಸಡಗರದಲ್ಲಿ ಚೀಟಿ ಕೀಳುವುದನ್ನೇ ಮರೆತಿದ್ದಾಳೆ. 'ಹೌಡೀ' ಎಂದು ಗಂಟಲು ಹರಿಯುವಂತೆ ಕೂಗುತ್ತಾಳೆ. ಸಭೆಯೂ ಅದೇ ಕೂಗನ್ನು ತಿರುಗಿ ಎಸೆಯುತ್ತದೆ. ಆಮೇಲೆ ತನ್ನೂರು ಗ್ರೈಂಡರ್ಸ್ ಸ್ವಿಚ್‌ನ ಸುದ್ದಿ ಶುರು: ಪೆದ್ದ ಸಹೋದರ, ಬಂಧುಬಳಗದ ಪಜೀತಿ, ಎಷ್ಟು ಹುಡುಕಿದರೂ ಕೈಗೆ ಸಿಗದ ಗಂಡು.

ಈಕೆ ಮಿನ್ನಿ ಪರ್ಲ್. 1940ರಲ್ಲಿ ಮೊದಲ ಸಲ ನ್ಯಾಶ್‌ವಿಲ್‌ನ ರಂಗಕ್ಕೆ ಬಂದವಳು ಐವತ್ತು ವರ್ಷ ಅದೇ ಟೋಪಿಯಲ್ಲಿ ಅಮೆರಿಕವನ್ನು ನಗಿಸಿದಳು. ಆದರೆ ಮಿನ್ನಿ ಪರ್ಲ್ ಎಂಬ ಹಳ್ಳಿ ಹೆಂಗಸು ಇರಲೇ ಇಲ್ಲ. ಇದ್ದದ್ದು ಸಾರಾ ಒಫೀಲಿಯಾ ಕಾಲಿ. ಸ್ಥಿತಿವಂತ ಮರದ ವ್ಯಾಪಾರಿಯ ಮಗಳು, ಒಳ್ಳೆಯ ಕಾಲೇಜಿನಲ್ಲಿ ನಾಟಕ ಕಲಿತವಳು. ಊರೂರು ತಿರುಗಿ ಹವ್ಯಾಸಿಗಳಿಗೆ ನಾಟಕ ಕಲಿಸುತ್ತಿದ್ದ ಕಾಲದಲ್ಲಿ, ಅಲಬಾಮಾದ ಬೆಟ್ಟದೂರಿನ ಮುದುಕಿಯೊಬ್ಬಳ ಮನೆಯಲ್ಲಿ ಉಳಿದುಕೊಂಡಾಗ ಕಿವಿಗೆ ಬಿದ್ದ ಮಾತಿನ ವರಸೆಯಿಂದ ಈ ಪಾತ್ರವನ್ನು ಕಟ್ಟಿಕೊಂಡಳು. ಗಂಡು ಸಿಗದೆ ಪರದಾಡುವ ಮಿನ್ನಿಯನ್ನು ಆಡುತ್ತಲೇ ಸಾರಾ ಮದುವೆಯಾಗಿ, ನ್ಯಾಶ್‌ವಿಲ್‌ನ ರಾಜ್ಯಪಾಲರ ನಿವಾಸದ ಪಕ್ಕದ ಮನೆಯಲ್ಲಿ ನೆಮ್ಮದಿಯಾಗಿ ಬಾಳಿದಳು.

ಅಮೆರಿಕದ ಕಂಟ್ರಿ ಮತ್ತು ಜಾನಪದ ಸಂಗೀತ ತನ್ನನ್ನು ತಾನು ಬಣ್ಣಿಸಿಕೊಳ್ಳುವುದು 'ನಿಜ' ಎಂಬ ಮಾತಿನಿಂದ. ಬಣ್ಣವಿಲ್ಲದ ಮಾತು, ಬೆವರಿನ ಮಾತು, ಕಂಡದ್ದನ್ನು ಕಂಡ ಹಾಗೆ ಹೇಳುವ ಮಾತು. ಆದರೆ ಅದರ ನೂರು ವರ್ಷದ ಚರಿತ್ರೆಯಲ್ಲಿ ನೆನಪಿನಲ್ಲಿ ಉಳಿದ ಕಥೆಗಾರರಲ್ಲಿ ಬಹಳಷ್ಟು ಮಂದಿ ವೇಷಧಾರಿಗಳು, ಇಲ್ಲವೇ ಊರವರ ಕಣ್ಣಿಗೆ ತಿಕ್ಕಲರು. ಇದನ್ನು ಕಪಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಮಾತ್ರ ಈ ವೇಷವೇ ಕಥೆಗೆ ಸಿಕ್ಕ ಪರವಾನಗಿ ಎನಿಸುತ್ತದೆ. ನೆರೆಮನೆಯವನು ಎದುರಿಗೆ ಕೂತು ನಮ್ಮ ಊರಿನ ಕ್ಷುದ್ರತೆಯನ್ನು ಎತ್ತಿ ಆಡಿದರೆ ಜಗಳವಾಗುತ್ತದೆ. ಬೆಲೆಚೀಟಿ ತೂಗಾಡಿಸಿಕೊಂಡ ಪೆದ್ದಿ ಆಡಿದರೆ ನಗುತ್ತೇವೆ, ನಗುತ್ತಲೇ ಒಪ್ಪಿಕೊಳ್ಳುತ್ತೇವೆ.

ವಿಮಾ ಕಂಪನಿ ಕಟ್ಟಿದ ಹಳ್ಳಿ

ಮಿನ್ನಿ ಪರ್ಲ್ ಆಡಿದ ರೇಡಿಯೊ ಕಾರ್ಯಕ್ರಮಕ್ಕೆ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರು. ಅದು ಹುಟ್ಟಿದ್ದು 1925ರ ನವೆಂಬರ್ 28ರಂದು, ನ್ಯಾಶ್‌ವಿಲ್‌ನ ವಿಮಾ ಕಂಪನಿಯೊಂದು ನಡೆಸುತ್ತಿದ್ದ ಡಬ್ಲ್ಯುಎಸ್‌ಎಂ ಎಂಬ ರೇಡಿಯೊ ಕೇಂದ್ರದಲ್ಲಿ. ಮೊದಲ ದಿನ ನುಡಿಸಿದವನು 77 ವರ್ಷದ ಪಿಟೀಲುಗಾರ ಅಂಕಲ್ ಜಿಮ್ಮಿ ಥಾಂಪ್ಸನ್. ಕಾರ್ಯಕ್ರಮ ನಡೆಸಿಕೊಟ್ಟವನು ಜಾರ್ಜ್ ಹೇ. ಮೆಂಫಿಸ್‌ನಲ್ಲಿ ಪತ್ರಿಕೆಗೆ ಕೋರ್ಟು ವರದಿ ಬರೆಯುತ್ತಿದ್ದ ಈತ ತನ್ನನ್ನು 'ಗಂಭೀರ ಮುದಿ ಜಡ್ಜ್' ಎಂದು ಕರೆದುಕೊಳ್ಳುತ್ತಿದ್ದ. ಆಗ ಅವನ ವಯಸ್ಸು 30!

ಹಳ್ಳಿಯಿಂದ ದುಡಿಯಲು ಪೇಟೆಗೆ ಬಂದ ಜನಕ್ಕೆ ಬೇಕಾದದ್ದು ಬಿಟ್ಟುಬಂದ ಊರಿನ ನೆನಪು ಎಂಬುದನ್ನು ಹೇ ಚೆನ್ನಾಗಿ ಬಲ್ಲವನಾಗಿದ್ದ. ಅವನ ಕೈಕೆಳಗೆ ವಾದ್ಯವೃಂದಗಳಿಗೆ ಹೊಸ ನಾಮಕರಣವಾಯಿತು. ಹಂಫ್ರಿ ಬೇಟ್ ಎಂಬ ವೃತ್ತಿನಿರತ ವೈದ್ಯನ ತಂಡ 'ಪಾಸಮ್ ಹಂಟರ್ಸ್' ಎಂಬ ಬೇಟೆಗಾರರ ಗುಂಪಾಯಿತು. ಸೂಟು ತೊಟ್ಟು ಬಂದವರು ಫೋಟೊಗೆ ನಿಲ್ಲುವಾಗ ಹೊಲದ ಬಟ್ಟೆ ಹಾಕಿಕೊಂಡರು. ಗಾಳಿಯಲ್ಲಿ ತೇಲಿಬಂದ ಆ ಹಳ್ಳಿಯನ್ನು ಕಟ್ಟಿದ್ದು ವಿಮೆ ಮಾರುವ ಕಂಪನಿ.

ಈ ಕಟ್ಟಿದ ಹಳ್ಳಿಗೆ ಕೆಲವು ಅಸಲಿ ಹಳ್ಳಿಗರೂ ಬಂದರು. ಅವರಲ್ಲಿ ಅಂಕಲ್ ಡೇವ್ ಮೇಕನ್ ದೊಡ್ಡ ಹೆಸರು. 1870ರಲ್ಲಿ ಹುಟ್ಟಿದ ಈತ ಟೆನೆಸಿಯಲ್ಲಿ ಹೇಸರಗತ್ತೆಯ ಗಾಡಿ ಕಟ್ಟಿ ಸರಕು ಸಾಗಿಸುತ್ತಿದ್ದ. ಲಾರಿಗಳು ಬಂದವು, ಗಾಡಿಯ ಬಾಡಿಗೆ ಬಿದ್ದುಹೋಯಿತು. ಐವತ್ತು ದಾಟಿದ ಮೇಲೆ ಮೇಕನ್ ಹೊಟ್ಟೆಪಾಡಿಗೆ ಬ್ಯಾಂಜೊ ಹಿಡಿದ. ಬಾಯಿ ತೆರೆದರೆ ಚಿನ್ನದ ಹಲ್ಲು, ಕೈಯಲ್ಲಿ ಗಿರಗಿರನೆ ತಿರುಗುವ ಬ್ಯಾಂಜೊ, ಎರಡು ಹಾಡುಗಳ ನಡುವೆ ಬಿಡುವಿಲ್ಲದ ಹರಟೆ. ಗಾಡಿ ಹೊಡೆಯುತ್ತ ದಾರಿಯುದ್ದಕ್ಕೂ ಜನರನ್ನು ಮಾತಾಡಿಸಿದ ಬಾಯಿ ಅದು, ಮೈಕಿನ ಮುಂದೆಯೂ ತೆಪ್ಪಗಿರಲಿಲ್ಲ. 1952ರಲ್ಲಿ, 81ರ ವಯಸ್ಸಿನಲ್ಲಿ ಸಾಯುವ ಕೆಲವೇ ದಿನ ಮೊದಲಿನವರೆಗೂ ಆತ ಆಪ್ರಿ ರಂಗದಲ್ಲಿದ್ದ.

ಆದರೆ ವೇಷದ ಸವಲತ್ತು ಎಲ್ಲರಿಗೂ ಸಿಗಲಿಲ್ಲ. ಆಪ್ರಿಯ ಮೊದಮೊದಲ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೇಲಿ, ಕಪ್ಪು ಜನಾಂಗದ ಹಾರ್ಮೋನಿಕಾ ವಾದಕ. ಬಾಲ್ಯದಲ್ಲಿ ಪೋಲಿಯೊ ಬಡಿದು ಮೈ ಗಿಡ್ಡಾಗಿತ್ತು, ಉಸಿರು ಮಾತ್ರ ಅಗಾಧ. ಒಂದು ಮಾತಿಲ್ಲದೆ, ಬರೀ ಉಸಿರಿನಲ್ಲಿ ದೂರದಿಂದ ರೈಲು ಬಂದು, ಎದುರಿನಲ್ಲೇ ಹಾದು, ಮರೆಯಾಗುವ ಕಥೆಯನ್ನು ನುಡಿಸುತ್ತಿದ್ದ. 1927ರ ಒಂದು ರಾತ್ರಿ, ಶಾಸ್ತ್ರೀಯ ಸಂಗೀತದ ಪ್ರಸಾರ ಮುಗಿದ ಬೆನ್ನಿಗೆ ಬೇಲಿಯ ಆ ರೈಲು ಕೇಳಿಬಂದಾಗಲೇ ಜಾರ್ಜ್ ಹೇ, ಆಪೆರಾವನ್ನು ಅಣಕಿಸಿ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಹೆಸರನ್ನು ಉದುರಿಸಿದ್ದು. ಹೆಸರಿಗೆ ಕಾರಣನಾದವನನ್ನು 1941ರಲ್ಲಿ ಕೆಲಸದಿಂದ ತೆಗೆದರು. ಹಾಡಿನ ಹಕ್ಕುಗಳ ಕುರಿತು ರೇಡಿಯೊ ಕಂಪನಿಗಳ ಜಗಳದಲ್ಲಿ ಅವನ ಹಳೆಯ ಮಟ್ಟುಗಳನ್ನು ಪ್ರಸಾರ ಮಾಡುವಂತಿರಲಿಲ್ಲ. ಹೊಸದು ಕಲಿಯಲಿಲ್ಲ ಎಂಬ ನೆಪ ಸಿಕ್ಕಿತು. ಬೇಲಿ ನ್ಯಾಶ್‌ವಿಲ್‌ನಲ್ಲೇ ಬೂಟು ಪಾಲಿಶ್ ಅಂಗಡಿ ನಡೆಸಿ ಬದುಕಿದ. 1982ರಲ್ಲಿ ತೀರಿಕೊಂಡ ಅವನ ಹೆಸರು ಕಂಟ್ರಿ ಸಂಗೀತದ ಗೌರವ ಪಟ್ಟಿಗೆ ಸೇರಿದ್ದು 2005ರಲ್ಲಿ.

ಸುದ್ದಿಯೇ ಹಾಡಾದಾಗ

ಹಾಡಿನಲ್ಲಿ ಕಥೆ ಹೇಳುವ ಚಾಳಿ ರೇಡಿಯೊಗಿಂತ ಬಹಳ ಹಳೆಯದು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್‌ಗಳಿಂದ ವಲಸೆ ಬಂದವರು ಅಪಲೇಚಿಯನ್ ಬೆಟ್ಟಗಳಿಗೆ ತಮ್ಮ ಲಾವಣಿಗಳನ್ನೂ ಹೊತ್ತುತಂದಿದ್ದರು. 1916ರಿಂದ 1918ರವರೆಗೆ ಇಂಗ್ಲೆಂಡಿನ ಸೆಸಿಲ್ ಶಾರ್ಪ್, ಮಾಡ್ ಕಾರ್ಪೆಲಿಸ್ ಜತೆ ಈ ಬೆಟ್ಟಗಳಲ್ಲಿ ಅಲೆದು ಸಾವಿರಕ್ಕೂ ಹೆಚ್ಚು ಮಟ್ಟುಗಳನ್ನು ಬರೆದುಕೊಂಡ. ತಾಯ್ನಾಡಿನಲ್ಲಿ ಸೊರಗಿದ್ದ ಹಾಡುಗಳು ಇಲ್ಲಿ ಅಡುಗೆಮನೆಗಳಲ್ಲಿ ಜೀವಂತವಾಗಿದ್ದವು. ಮೋಸಹೋದ ಹುಡುಗಿ, ನದಿಯಲ್ಲಿ ತೇಲಿದ ಹೆಣ, ನೇಣಿಗೇರಿದ ಪ್ರೇಮಿ ಇವುಗಳ ಬಂಡವಾಳ.

ಗ್ರಾಮಫೋನ್ ಕಂಪನಿಗಳು ಇಂಥ ಕಥೆಗಳಿಗೆ ಜನರಲ್ಲಿದ್ದ ಹಸಿವನ್ನು ಬೇಗ ಗುರುತಿಸಿದವು. 1903ರಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್ ಬಳಿ ಟಪಾಲು ರೈಲೊಂದು ಸೇತುವೆಯಿಂದ ಉರುಳಿತ್ತು. ಅದರ ಹಾಡನ್ನು 1924ರಲ್ಲಿ ವರ್ನನ್ ಡಾಲ್‌ಹಾರ್ಟ್ ಧ್ವನಿಮುದ್ರಿಸಿದ. ಹಳ್ಳಿ ಹಾಡುಗಳಲ್ಲಿ ಹತ್ತು ಲಕ್ಷ ಮಾರಾಟ ಕಂಡ ಮೊದಲ ರೆಕಾರ್ಡ್ ಎಂದು ಅದನ್ನೇ ಹೆಸರಿಸುತ್ತಾರೆ. ಇಲ್ಲೂ ವೇಷವಿದೆ: ಡಾಲ್‌ಹಾರ್ಟ್ ಆಪೆರಾ ಹಾಡಲು ಪಳಗಿದ ಗಾಯಕ, ನಿಜ ಹೆಸರು ಮೇರಿಯನ್ ಟ್ರೈ ಸ್ಲಾಟರ್. ಟೆಕ್ಸಸ್‌ನ ವರ್ನನ್, ಡಾಲ್‌ಹಾರ್ಟ್ ಎಂಬ ಎರಡು ಊರುಗಳ ಹೆಸರನ್ನು ಜೋಡಿಸಿ ಇಟ್ಟುಕೊಂಡಿದ್ದ. ಮರುವರ್ಷ ಕೆಂಟಕಿಯ ಗುಹೆಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬವನು ಸಿಲುಕಿ ಸತ್ತಾಗ, ಅಟ್ಲಾಂಟಾದ ಪೀಠೋಪಕರಣ ಮತ್ತು ರೆಕಾರ್ಡ್ ವ್ಯಾಪಾರಿಯೊಬ್ಬ ಆಂಡ್ರೂ ಜೆಂಕಿನ್ಸ್ ಎಂಬ ಕುರುಡು ಧರ್ಮಬೋಧಕನಿಂದ ಹಾಡು ಕಟ್ಟಿಸಿದ. ದೇಶವೆಲ್ಲ ಓದಿದ ಆ ಸಾವಿನ ಸುದ್ದಿ ಅದೇ ವರ್ಷ ಹಾಡಾಗಿ, ಕೊನೆಗೊಂದು ನೀತಿಪಾಠ ಅಂಟಿಸಿಕೊಂಡು ಅಂಗಡಿಗೆ ಬಂತು.

ಸುದ್ದಿಯನ್ನು ಹಾಡಾಗಿಸುವವನ ಕೈಯಲ್ಲಿ ಎಷ್ಟು ಬಲವಿದೆ ಎಂಬುದಕ್ಕೆ ಅಟ್ಲಾಂಟಾದ್ದೇ ಕರಾಳ ನಿದರ್ಶನವಿದೆ. 1913ರಲ್ಲಿ ಅಲ್ಲಿನ ಪೆನ್ಸಿಲ್ ಕಾರ್ಖಾನೆಯಲ್ಲಿ ಮೇರಿ ಫೇಗನ್ ಎಂಬ 13 ವರ್ಷದ ಹುಡುಗಿಯ ಕೊಲೆಯಾಯಿತು. ಮೇಲ್ವಿಚಾರಕ ಲಿಯೊ ಫ್ರ್ಯಾಂಕ್ ಎಂಬ ಯಹೂದಿಗೆ ಮರಣದಂಡನೆಯಾಯಿತು. ಸಾಕ್ಷ್ಯದ ಬಗ್ಗೆ ಸಂಶಯಗೊಂಡ ರಾಜ್ಯಪಾಲ ಅದನ್ನು ಜೀವಾವಧಿಗೆ ಇಳಿಸಿದ. 1915ರ ಆಗಸ್ಟ್‌ನಲ್ಲಿ ಗುಂಪೊಂದು ಫ್ರ್ಯಾಂಕ್‌ನನ್ನು ಸೆರೆಮನೆಯಿಂದ ಎಳೆದೊಯ್ದು ಮರಕ್ಕೆ ನೇಣು ಹಾಕಿತು. ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರ ಕೋರ್ಟಿನ ಮುಂದೆ ನಿಂತು ಮೇರಿಯ ಲಾವಣಿಯನ್ನು ಹಾಡಿ ಜನರನ್ನು ಕೆರಳಿಸುತ್ತಿದ್ದ. ಫ್ರ್ಯಾಂಕ್‌ನೇ ಕೊಲೆಗಾರ ಎಂಬುದರಲ್ಲಿ ಹಾಡಿಗೆ ಅನುಮಾನವೇ ಇರಲಿಲ್ಲ. ಜಾರ್ಜಿಯಾ ರಾಜ್ಯ ಫ್ರ್ಯಾಂಕ್‌ಗೆ ಮರಣೋತ್ತರ ಕ್ಷಮೆ ನೀಡಿದ್ದು 1986ರಲ್ಲಿ. ಇದೇ ಕಾರ್ಸನ್ 1923ರಲ್ಲಿ ಮುದ್ರಿಸಿದ ರೆಕಾರ್ಡಿನ ಮಾರಾಟವೇ ಹಳ್ಳಿಯ ಸಂಗೀತಕ್ಕೆ ಮಾರುಕಟ್ಟೆ ಇದೆ ಎಂದು ಕಂಪನಿಗಳಿಗೆ ತೋರಿಸಿಕೊಟ್ಟದ್ದು. ಮಿನ್ನಿ ಪರ್ಲ್ ತಾನು ಪೆದ್ದಿ ಎಂದು ಟೋಪಿಯಲ್ಲೇ ಸಾರುತ್ತಿದ್ದಳು. ಕಾರ್ಸನ್ ಅಂದು ಸಾಕ್ಷಿಯ ಗತ್ತಿನಲ್ಲಿ ನಿಂತ. ವೇಷ ತೊಟ್ಟವನಿಗಿಂತ, ತನಗೆ ವೇಷವೇ ಇಲ್ಲ ಎನ್ನುವವನ ಕಥೆಗೆ ಹೆಚ್ಚು ಹೆದರಬೇಕು.

ಹಾಡದೆ ಹೇಳಿದವರು

ಕಂಟ್ರಿ ಸಂಗೀತದ ದೊರೆ ಎನಿಸಿದ ಹ್ಯಾಂಕ್ ವಿಲಿಯಮ್ಸ್‌ಗೂ ಇನ್ನೊಂದು ಹೆಸರು ಬೇಕಾಯಿತು. 1950ರಿಂದ ಆತ 'ಲ್ಯೂಕ್ ದ ಡ್ರಿಫ್ಟರ್' ಎಂಬ ಅಲೆಮಾರಿಯ ಹೆಸರಿನಲ್ಲಿ, ವಾದ್ಯದ ಹಿನ್ನೆಲೆಗೆ ಮಾತಿನಲ್ಲೇ ಕಥೆ ಹೇಳುವ ರೆಕಾರ್ಡುಗಳನ್ನು ತಂದ. ಕಾರಣ ಶುದ್ಧ ವ್ಯಾಪಾರದ್ದು. ಹೋಟೆಲು, ಬಾರುಗಳ ಜೂಕ್‌ಬಾಕ್ಸ್ ಮಾಲೀಕರು ಹ್ಯಾಂಕ್ ಹೆಸರು ಕಂಡರೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಕುಣಿಯಲು ಕಾಸು ಹಾಕಿದ ಗಿರಾಕಿಗೆ ನೀತಿಬೋಧೆ ಕೇಳಿಸಿದರೆ ಗತಿಯೇನು? ಹೀಗೆ ಕುಡಿತ, ಮುರಿದ ಸಂಸಾರಗಳಲ್ಲಿ ಬೇಯುತ್ತಿದ್ದ ಹ್ಯಾಂಕ್, ಲ್ಯೂಕ್‌ನ ಬಾಯಲ್ಲಿ ಊರಿಗೆಲ್ಲ ಕರುಣೆ, ಸಂಯಮಗಳ ಬುದ್ಧಿ ಹೇಳಿದ. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಗುಟ್ಟಾಗಿಯೇನೂ ಉಳಿಯಲಿಲ್ಲ. 1953ರ ಹೊಸವರ್ಷದ ದಿನ, 29ರ ವಯಸ್ಸಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲೇ ಆತ ಸತ್ತ.

ಮಾತಿನಲ್ಲಿ ಹಾಡುವ ಇನ್ನೊಂದು ಧಾಟಿಗೆ ದಕ್ಷಿಣ ಕೆರೊಲಿನಾದ ಕ್ರಿಸ್ ಬುಶಿಲ್ಲನ್ ಮೂಲಪುರುಷ. 1926ರಲ್ಲಿ ಧ್ವನಿಮುದ್ರಣಕ್ಕೆ ಬಂದವನ ಹಾಡು ಸಪ್ಪೆಯೆನಿಸಿ, ಮಾತು ಮಾತ್ರ ಸೊಗಸೆಂದು ಕಂಡು, ಹಾಗೇ ಮಾತಾಡು ಎಂದರಂತೆ. ಆ ಧಾಟಿ ಜಾನಪದ ಗಾಯಕ ವುಡಿ ಗತ್ರಿಯ ಕೈಗೆ ಬಂದು ಬಡವರ ಅಸ್ತ್ರವಾಯಿತು, ಅವನಿಂದ ಯುವಕ ಬಾಬ್ ಡಿಲನ್ ಎತ್ತಿಕೊಂಡ. ಅದು ಪೂರ್ತಿ ಅರಳಿದ್ದು ಮಾತ್ರ ವುಡಿಯ ಮಗ ಅರ್ಲೊ ಗತ್ರಿಯ 'ಆಲಿಸಸ್ ರೆಸ್ಟೊರೆಂಟ್ ಮ್ಯಾಸಕ್ರೀ'ಯಲ್ಲಿ.

1967ರ ಆ ಧ್ವನಿಮುದ್ರಿಕೆ ಹದಿನೆಂಟೂವರೆ ನಿಮಿಷದ್ದು, ಎಲ್‌ಪಿ ತಟ್ಟೆಯ ಒಂದು ಇಡೀ ಮಗ್ಗುಲು. 1965ರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮ್ಯಾಸಚೂಸೆಟ್ಸ್‌ನ ಹಳೆಯ ಚರ್ಚೊಂದರಲ್ಲಿ ವಾಸವಿದ್ದ ಗೆಳತಿ ಆಲಿಸ್‌ಳ ಮನೆಯ ಕಸವನ್ನು ವ್ಯಾನಿಗೆ ತುಂಬಿಕೊಂಡು 18ರ ಅರ್ಲೊ, ಗೆಳೆಯನ ಜತೆ ಹೊರಟ. ಹಬ್ಬದ ದಿನ ಕಸದ ಮೈದಾನಕ್ಕೆ ಬಾಗಿಲು ಹಾಕಿತ್ತು. ಸ್ಟಾಕ್‌ಬ್ರಿಜ್ ಊರಿನ ಒಂದು ಇಳಿಜಾರಿನಲ್ಲಿ ಸುರಿದು ಬಂದರು. ಪೊಲೀಸ್ ಮುಖ್ಯಾಧಿಕಾರಿ ವಿಲಿಯಂ ಓಬನ್‌ಹೈನ್ ಕಸದೊಳಗೇ ವಿಳಾಸ ಹುಡುಕಿ ಅವರನ್ನು ಹಿಡಿದ. ಹಾಡಿನಲ್ಲಿ ಈ ತನಿಖೆ ಮಹಾ ಕೊಲೆ ಪ್ರಕರಣದ ಮಟ್ಟಕ್ಕೆ ಏರುತ್ತದೆ: ಬಣ್ಣದ ಫೋಟೊಗಳ ಕಟ್ಟು, ಬಾಣದ ಗುರುತು, ವಿವರಣೆ. ವಿಚಾರಣೆಗೆ ಬಂದ ಜಡ್ಜ್ ಕುರುಡ; ಫೋಟೊಗಳ ಶ್ರಮವೆಲ್ಲ ದಂಡ! ಆಮೇಲೆ ಕಥೆ ಹೊರಳುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಸೈನಿಕರನ್ನು ಆರಿಸುವ ಕಚೇರಿಯಲ್ಲಿ ಅದೇ ಅರ್ಲೊಗೆ ಪ್ರಶ್ನೆ: ನಿನ್ನ ಮೇಲೆ ಅಪರಾಧದ ದಾಖಲೆ ಇದೆಯೇ? ಕಸ ಚೆಲ್ಲಿದವನಿಗೆ ಹಳ್ಳಿಗಳನ್ನು ಸುಡುವಷ್ಟು ಸನ್ನಡತೆ ಇದೆಯೋ ಇಲ್ಲವೋ ಎಂದು ಸರ್ಕಾರ ತಲೆ ಕೆರೆದುಕೊಳ್ಳುತ್ತದೆ. ಹತ್ತು ಭಾಷಣಗಳು ಮುಟ್ಟಿಸಲಾರದ್ದನ್ನು ಒಂದು ಕಸದ ಗುಡ್ಡೆ ಮುಟ್ಟಿಸಿತು. 1969ರಲ್ಲಿ ಇದು ಸಿನಿಮಾ ಆದಾಗ ಓಬನ್‌ಹೈನ್ ಮತ್ತು ಆ ಕುರುಡು ಜಡ್ಜ್ ಜೇಮ್ಸ್ ಹ್ಯಾನನ್ ತಮ್ಮ ಪಾತ್ರಗಳನ್ನು ತಾವೇ ಮಾಡಿದರು. ಇಂದಿಗೂ ಅಮೆರಿಕದ ಹಲವು ರೇಡಿಯೊ ಕೇಂದ್ರಗಳು ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೆ ಇದನ್ನು ಪೂರ್ತಿ ಹಾಕುತ್ತವೆ.

ಬಾಯಿಗೆ ಬಾರದ ಮಾತು

ಅರ್ಲೊ ಎಲ್ಲವನ್ನೂ ಹೇಳಿ ಗೆದ್ದರೆ, ಬಾಬಿ ಜೆಂಟ್ರಿ ಹೇಳದೆ ಗೆದ್ದಳು. ಮಿಸಿಸಿಪಿಯ ಈ ಹುಡುಗಿ 1967ರಲ್ಲಿ ತಂದ 'ಓಡ್ ಟು ಬಿಲ್ಲಿ ಜೊ' ನಾಲ್ಕು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಹೊಲದ ಕೆಲಸ ಮುಗಿಸಿ ಮನೆಮಂದಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾರೆ. ಬಿಲ್ಲಿ ಜೊ ಎಂಬ ಪರಿಚಯದ ಹುಡುಗ ಟ್ಯಾಲಹ್ಯಾಚಿ ಸೇತುವೆಯಿಂದ ಹಾರಿಕೊಂಡ ಸುದ್ದಿ ಬರುತ್ತದೆ. ಬಡಿಸುವುದು ನಿಲ್ಲುವುದಿಲ್ಲ. ಅವನ ಸಾವಿನ ಮಾತಿನೊಂದಿಗೇ ಪಾತ್ರೆ ಇನ್ನೊಬ್ಬರ ಕೈಗೆ ದಾಟುತ್ತದೆ. ಮಗಳು ಮಾತ್ರ ತಟ್ಟೆ ಮುಟ್ಟಿಲ್ಲ, ಏಕೆಂದು ತಾಯಿಗೆ ಹೊಳೆಯುವುದಿಲ್ಲ. ಹುಡುಗಿಯೂ ಬಿಲ್ಲಿಯೂ ಮೊದಲೊಮ್ಮೆ ಅದೇ ಸೇತುವೆಯಿಂದ ಏನನ್ನೋ ಎಸೆದಿದ್ದರೆಂಬ ಮಾತು ಹಾಡಿನಲ್ಲಿ ಬರುತ್ತದೆ; ಅದೇನು ಎಂದು ದೇಶವೆಲ್ಲ ತಲೆ ಕೆಡಿಸಿಕೊಂಡಿತು. ಜೆಂಟ್ರಿ ಹೇಳುತ್ತ ಬಂದದ್ದು ಬೇರೆ: ಆ ಊಟದ ಮೇಜಿನ ಅರಿವಿಲ್ಲದ ಕ್ರೌರ್ಯವೇ ಹಾಡಿನ ವಿಷಯ. 1980ರ ದಶಕದ ಆರಂಭದಲ್ಲಿ ಆಕೆ ರಂಗ, ಸಂದರ್ಶನ, ಸಾರ್ವಜನಿಕ ಬದುಕು ಎಲ್ಲದರಿಂದಲೂ ಹಿಂದೆ ಸರಿದಳು.

ಟಾಮ್ ಟಿ. ಹಾಲ್‌ಗೆ 'ಕಥೆಗಾರ' ಎಂಬುದೇ ಬಿರುದು. ಕೆಂಟಕಿಯ ಆಲಿವ್ ಹಿಲ್‌ನಲ್ಲಿ 1936ರಲ್ಲಿ ಹುಟ್ಟಿದ ಈತನ ಕಥೆಗಳಲ್ಲಿ ದೊಡ್ಡದೇನೂ ಆಗುವುದಿಲ್ಲ. ಬಾರಿನಲ್ಲಿ ಕಸ ಗುಡಿಸುವ ಮುದುಕ ಎದುರು ಕೂತು ಬಾಳಿನ ಲೆಕ್ಕ ಹೇಳುತ್ತಾನೆ, ಅಷ್ಟೇ. 1972ರಲ್ಲಿ ಮಯಾಮಿಯ ಹೋಟೆಲೊಂದರಲ್ಲಿ ಹಾಲ್ ನಿಜವಾಗಿ ಕಂಡ ಮುದುಕ ಅವನು. ಹಾಲ್ ಹಾಡಿನೊಳಗೆ ಬಹುತೇಕ ಕೇಳುಗನಾಗಿಯೇ ಇರುತ್ತಾನೆ. ಆತ ಬರೆದ 'ಹಾರ್ಪರ್ ವ್ಯಾಲಿ ಪಿಟಿಎ'ಯನ್ನು 1968ರಲ್ಲಿ ಜೀನಿ ಸಿ. ರೈಲಿ ಹಾಡಿದಳು. ಗಿಡ್ಡ ಲಂಗ ತೊಡುವ ವಿಧವೆ ತಾಯಿಗೆ ಶಾಲೆಯ ಸಮಿತಿ ನೀತಿಯ ಪತ್ರ ಕಳಿಸುತ್ತದೆ. ಆಕೆ ಸಭೆಗೇ ನಡೆದುಹೋಗಿ ಒಬ್ಬೊಬ್ಬ ಸದಸ್ಯನ ಗುಟ್ಟನ್ನೂ ಹೆಸರು ಹಿಡಿದು ಬಿಚ್ಚುತ್ತಾಳೆ. ಒಂದೇ ಹಾಡಿನಿಂದ ಪಾಪ್, ಕಂಟ್ರಿ ಎರಡೂ ಪಟ್ಟಿಗಳ ತುದಿಗೇರಿದ ಮೊದಲ ಹೆಣ್ಣು ರೈಲಿ.

ಕಳಚಿಡಲಾಗದ ವೇಷ

ರಂಗದಿಂದ ಇಳಿದಾಗ ಸಾರಾ ಕಾಲಿ ಟೋಪಿ ತೆಗೆದಿಡುತ್ತಿದ್ದಳು. ಕೆಲವರಿಗೆ ತೆಗೆದಿಡಲು ಏನೂ ಇರಲಿಲ್ಲ, ಅವರೇ ಹಾಗಿದ್ದರು.

ಜಾನ್ ಹಾರ್ಟ್‌ಫರ್ಡ್‌ನನ್ನು ನೋಡಿ. 1967ರ 'ಜೆಂಟಲ್ ಆನ್ ಮೈ ಮೈಂಡ್' ಆತನ ರಚನೆ. ಗ್ಲೆನ್ ಕ್ಯಾಂಪ್‌ಬೆಲ್ ಹಾಡಿ, ಆಮೇಲೆ ಅನೇಕರು ಹಾಡಿ, ಗೌರವಧನ ಹರಿದುಬಂತು. ಆ ಹಣದಲ್ಲಿ ಆತ ಕೊಂಡದ್ದು ಸ್ವಾತಂತ್ರ್ಯ. ಟಿವಿಯ ತಾರಾಪಟ್ಟ ಬಿಟ್ಟು, ಕರಿಯ ಬೌಲರ್ ಟೋಪಿ ಹಾಕಿಕೊಂಡು, ಪ್ಲೈವುಡ್ ಹಲಗೆಯ ಮೇಲೆ ಕಾಲಿನಲ್ಲಿ ತಾಳ ಕುಟ್ಟುತ್ತ, ಏಕಕಾಲಕ್ಕೆ ಪಿಟೀಲು ನುಡಿಸುತ್ತ, ಹಾಡುತ್ತ ಒಬ್ಬನೇ ಊರೂರು ತಿರುಗಿದ. ಬಾಲ್ಯದಿಂದ ಹಿಡಿದಿದ್ದ ನದಿಯ ಹುಚ್ಚಿಗೆ ಉಗಿದೋಣಿ ನಡೆಸುವ ಪರವಾನಗಿಯನ್ನೇ ಪಡೆದ. ಹಬೆ, ಚಕ್ರ, ಮರಳುದಿಬ್ಬಗಳ ಕಥೆ ತುಂಬಿದ 'ಮಾರ್ಕ್ ಟ್ವಾಂಗ್' ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2001ರಲ್ಲಿ ಕ್ಯಾನ್ಸರ್‌ನಿಂದ ಸಾಯುವ ಮುನ್ನ, 'ಓ ಬ್ರದರ್, ವೇರ್ ಆರ್ಟ್ ದೌ?' ಸಿನಿಮಾದ ಸಂಗೀತದ ಮೂಲಕ ಹೊಸ ತಲೆಮಾರಿಗೂ ಪರಿಚಿತನಾದ.

ವೆಸ್ಟ್ ವರ್ಜೀನಿಯಾದ ಗಣಿ ಸೀಮೆಯ ಹೇಸಿಲ್ ಆಡ್ಕಿನ್ಸ್‌ದು ಇನ್ನೂ ಸೋಜಿಗ. ಚಿಕ್ಕಂದಿನಲ್ಲಿ ರೇಡಿಯೊದಲ್ಲಿ 'ಹ್ಯಾಂಕ್ ವಿಲಿಯಮ್ಸ್' ಎಂದು ಒಂದೇ ಹೆಸರು ಹೇಳಿದ್ದನ್ನು ಕೇಳಿ, ಕೇಳಿಸುವ ವಾದ್ಯಗಳನ್ನೆಲ್ಲ ಹ್ಯಾಂಕ್ ಒಬ್ಬನೇ ನುಡಿಸುತ್ತಾನೆ ಎಂದು ತಿಳಿದನಂತೆ. ತಾನೂ ಹಾಗೇ ಕಲಿತ. ಕಾಲಿಗೆ ಡ್ರಮ್, ಕೈಗೆ ಗಿಟಾರ್, ಬಾಯಿಗೆ ಕೂಗು. ಮನೆಯಲ್ಲೇ ಮುದ್ರಿಸಿದ ಕೋಳಿ, ಹಾಟ್‌ಡಾಗ್, ಕಡಿದ ತಲೆಗಳ ಹಾಡುಗಳು ದಶಕಗಳ ಮೇಲೆ ಪಂಕ್ ಸಂಗೀತದ ಹುಡುಗರಿಗೆ ಸಿಕ್ಕಿ ಹೇಸಿಲ್ ಗುರುವಾದ.

ಟೆಕ್ಸಸ್‌ನ ಗಾಯಕ ಬ್ಲೇಜ್ ಫೋಲಿ ಬೂಟಿಗೆ ಡಕ್ಟ್ ಟೇಪ್ ಸುತ್ತಿಕೊಳ್ಳುತ್ತಿದ್ದ. ಬೆಳ್ಳಿಯ ತುದಿಯ ಬೂಟು ತೊಟ್ಟು ಮೆರೆಯುತ್ತಿದ್ದ ಪೇಟೆಯ ಶೋಕಿ ಕೌಬಾಯ್‌ಗಳಿಗೆ ಅದು ಅಣಕ. 1989ರಲ್ಲಿ ಗುಂಡೇಟಿನಿಂದ ಸತ್ತಾಗ ಗೆಳೆಯರು ಶವಪೆಟ್ಟಿಗೆಗೂ ಅದೇ ಟೇಪ್ ಸುತ್ತಿದರು. ಒತ್ತೆಯಿಟ್ಟ ತನ್ನ ಗಿಟಾರಿನ ಚೀಟಿ ಬ್ಲೇಜ್‌ನ ಜೇಬಿನಲ್ಲೇ ಉಳಿದಿತ್ತು, ಅದಕ್ಕಾಗಿ ಗೋರಿ ಅಗೆದೆವು ಎಂದು ಗಾಯಕ ಗೆಳೆಯ ಟೌನ್ಸ್ ವ್ಯಾನ್ ಜಾಂಟ್ ರಂಗದ ಮೇಲೆ ಕಥೆ ಹೊಡೆಯುತ್ತಿದ್ದ. ಯಾರೂ ನಂಬುತ್ತಿರಲಿಲ್ಲ, ಎಲ್ಲರೂ ಮತ್ತೆ ಕೇಳುತ್ತಿದ್ದರು. ಸತ್ತ ಗೆಳೆಯನಿಗಾಗಿ ಸಭೆಯ ಮುಂದೆ ಅಳಲಾರದವನು ಹಾಗೆ ನಗಿಸುತ್ತಿದ್ದ. ಟೌನ್ಸ್ ಕೂಡ ಹ್ಯಾಂಕ್‌ನಂತೆಯೇ ಜನವರಿ 1ರಂದು, 1997ರಲ್ಲಿ ತೀರಿಕೊಂಡ.

ಅಸಲಿ ಯಾರು?

ಕೌಬಾಯ್ ಗಾಯಕ ರ‍್ಯಾಂಬ್ಲಿನ್ ಜ್ಯಾಕ್ ಎಲಿಯಟ್ ಹುಟ್ಟಿದ್ದು 1931ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಯಹೂದಿ ವೈದ್ಯನ ಮಗನಾಗಿ. ಹದಿಹರೆಯದಲ್ಲೇ ಮನೆಬಿಟ್ಟು ರೋಡಿಯೊ ತಂಡ ಸೇರಿದ, ಆಮೇಲೆ ವುಡಿ ಗತ್ರಿಯ ನೆರಳಾಗಿ ಹಾಡು ಕಲಿತ. ಅವನನ್ನು ನೋಡಿ ಕಲಿತ ಡಿಲನ್, ಮಿನೆಸೊಟಾದ ರಾಬರ್ಟ್ ಜಿಮ್ಮರ್‌ಮನ್. 1961ರಲ್ಲಿ ನ್ಯೂಯಾರ್ಕಿಗೆ ಬಂದವನು, ತಾನು ಜಾತ್ರೆಯ ತಂಡಗಳೊಡನೆ ಅಲೆದವನು ಎಂದು ಬಾಲ್ಯವನ್ನೇ ಕಟ್ಟಿ ಹೇಳಿದ. ಆ ಕಟ್ಟುಕಥೆಗಾರನಿಗೇ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಇನ್ನು 1976ರ ಆರಂಭದಲ್ಲಿ 'ಕಾನ್ವಾಯ್' ಹಾಡಿನಿಂದ ಟ್ರಕ್ ಚಾಲಕರ ದನಿಯೆನಿಸಿದ ಸಿ. ಡಬ್ಲ್ಯು. ಮೆಕಾಲ್, ಬ್ರೆಡ್ ಕಂಪನಿಯ ಜಾಹೀರಾತಿಗೆ ಬಿಲ್ ಫ್ರೈಸ್ ಎಂಬ ಜಾಹೀರಾತುಗಾರ ಹುಟ್ಟಿಸಿದ ಪಾತ್ರ. ಫ್ರೈಸ್ ಮುಂದೆ ಕೊಲರಾಡೊದ ಪುಟ್ಟ ಊರೊಂದರ ಮೇಯರ್ ಆದ.

ಇವರನ್ನೆಲ್ಲ ನಕಲಿ ಎಂದು ತೆಗೆದುಹಾಕಿದರೆ ಈ ಸಂಗೀತದಲ್ಲಿ ಉಳಿಯುವುದು ಅಲ್ಪ. ಇಂದಿನ ನ್ಯಾಶ್‌ವಿಲ್‌ನ ಎಷ್ಟೋ ಜನಪ್ರಿಯ ಹಾಡುಗಳು ಪಿಕಪ್ ಟ್ರಕ್, ಮಣ್ಣಿನ ರಸ್ತೆ, ತಣ್ಣನೆಯ ಬಿಯರ್ ಎಂದು ಅಸಲಿ ವಸ್ತುಗಳ ಪಟ್ಟಿ ಕೊಡುತ್ತವೆ. ಅವುಗಳಲ್ಲಿ ಸಾಮಾನು ಇದೆ, ಮನುಷ್ಯನಿಲ್ಲ. ಗ್ರೈಂಡರ್ಸ್ ಸ್ವಿಚ್ ವಾಸ್ತವದಲ್ಲಿ ರೈಲು ಹಳಿಯ ಒಂದು ಕವಲು ಮಾತ್ರ. ಆದರೂ ಅದರಲ್ಲಿ ಒಂದು ಊರಿನಷ್ಟು ಜನರಿದ್ದರು. ಗಾಯಕ ಎಲ್ಲಿ ಹುಟ್ಟಿದ ಎಂಬುದಕ್ಕಿಂತ, ಅವನು ಹೇಳಿದ ಮನುಷ್ಯ ನಮ್ಮ ಜತೆ ಮನೆಗೆ ಬಂದನೇ ಎಂದು ಕೇಳುವುದೇ ಸರಿಯಾದ ಪರೀಕ್ಷೆ.

ಈ ಲೋಕಕ್ಕೆ ಹೊಸಬರಾದ ಓದುಗರು ಹಾಲ್‌ನಿಂದ ಆರಂಭಿಸಬಹುದು, ಆತನ ಇಂಗ್ಲಿಷ್ ಸರಳ, ಉಚ್ಚಾರ ಸ್ಪಷ್ಟ. ಜೆಂಟ್ರಿಯನ್ನು ಎರಡು ಸಲ ಕೇಳಬೇಕು: ಮೊದಲ ಸಲ ಬಿಲ್ಲಿಗಾಗಿ, ಎರಡನೆಯ ಸಲ ಊಟಕ್ಕೆ ಕೂತವರಿಗಾಗಿ. ಡಿಫೋರ್ಡ್ ಬೇಲಿಗೆ ಭಾಷೆಯ ಹಂಗೇ ಇಲ್ಲ. ಅರ್ಲೊನನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಹದಿನೆಂಟು ನಿಮಿಷ ಕಸದ ಕಥೆ ಕೇಳುವ ವ್ಯವಧಾನ ಕೆಲಸದ ದಿನ ಯಾರಿಗಿದೆ?